ಹಾದಿಮನಿ ಸರ್ ನೆನಪಿನಿಂದ ಇಟ್ಟ ಬಿಂದುಗಳು

ಹಾದಿಮನಿ ಸರ್ ಯಾರ ಮನೆಗೆ ಹೋದರೂ ಮೊದಲು ಒಂದು ತಂಬಿಗೆ ನೀರು ಕೇಳುತ್ತಿದ್ದರು. ಅರ್ಧ ಕುಡಿದು, ಉಳಿದರ್ಧವನ್ನು ಅಂಗಳಕ್ಕೆ ಚೆಲ್ಲಿ, ಅದು ಯಾವ ಕಡೆ ಹರಿಯುತ್ತದೆಂದು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ನನ್ನ ಮದುವೆಯ ಮಾತುಕತೆಗೆ ಹಿರಿಯರಾಗಿ ಬಂದಾಗಲೂ ಬೀಗರ ಮನೆಯ ಮುಂದೆ ಇದನ್ನೇ ಮಾಡಿ, "ಮಳಿಗಾಲದಾಗ ನಿಮ್ಮ ದನದ ಕೊಟ್ಟಿಗ್ಯಾಗ ನೀರ ನಿಲ್ತೈತಿ, ಹೌದಲ್ರಿ?" ಅಂದುಬಿಟ್ಟರು. ನೀರು ನಿಲ್ಲುತ್ತಿದ್ದದ್ದು ನಿಜ. ಆದರೆ ಹೆಣ್ಣಿನ ಕಡೆಯವರು ಬಂದು ಹೇಳುವ ಮಾತೇ ಅದು? ನನ್ನ ಅತ್ತೆ ಇವತ್ತಿಗೂ ಅವರನ್ನು "ನೀರು ಚೆಲ್ಲಿದ ಮಾಸ್ತರ" ಅಂತಲೇ ಕರೆಯುತ್ತಾರೆ.

ಶಿಗ್ಗಾಂವದಲ್ಲಿ ಬೀಜದ ಅಂಗಡಿಯ ಮೇಲಿನ ಒಂದು ಕೋಣೆಯೇ ನಮ್ಮ ನಕಾಶೆ ಆಫೀಸು. ಸರ್ ಸರ್ಕಾರಿ ಕೆಲಸದಲ್ಲಿ ಆಯುಷ್ಯವೆಲ್ಲ ಶಾಯಿಯಲ್ಲಿ ನಕಾಶೆ ಬರೆದವರು. ನಿವೃತ್ತರಾದ ಮೇಲೆ ದಿನಾ ಸವಣೂರಿನಿಂದ ಬಸ್ಸು ಹತ್ತಿ ಬಂದು, ಮೌಸ್ ಹಿಡಿಯುವುದನ್ನು ಕಲಿತು, ಆಮೇಲೆ ನನಗೆ ಕಲಿಸಿದರು. ಹಳೆಯ ಕಾಗದದ ಹಾಳೆಗಳಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುತ್ತವೆ. ಅದೇ ಕಾಂಟೂರು. ಆ ಗೆರೆಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಕೊಟ್ಟರೆ, ಎರಡು ಗೆರೆಗಳ ನಡುವಿನ ನೆಲ ಎಷ್ಟು ಎತ್ತರ ಇರಬಹುದೆಂದು ತಂತ್ರಾಂಶವೇ ಲೆಕ್ಕ ಹಾಕಿ ಚೌಕ ಚೌಕವಾಗಿ ತುಂಬುತ್ತದೆ. ಕೆರೆ ತುಂಬಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವುದು ಆಗ ಕಾಣುತ್ತದೆ. ಅದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. "ಊರ ಬಾವಿ ಇದ್ದಂಗ, ಯಾರರ ಸೇದಬಹುದು. ಆದ್ರ ಸೇದಾಕ ರಟ್ಟ್ಯಾಗ ಕಸುವು ಬೇಕು" ಎನ್ನುತ್ತಿದ್ದರು ಸರ್.

ನಾನು ಮಾಡಿದ ಮೊದಲನೆಯ ನಕಾಶೆಯಲ್ಲಿ ಗುಡ್ಡದ ತುದಿಗಳೆಲ್ಲ ಸವರಿ ಸಪಾಟಾಗಿದ್ದವು. ಸರ್ ಕನ್ನಡಕ ಏರಿಸಿ ನೋಡಿದರು. "ಏನಿದು ತಂಗಿ, ಗುಡ್ಡದ ಮ್ಯಾಲೆಲ್ಲಾ ಕಣಾ ಮಾಡೀಯಲ್ಲ! ಜ್ವಾಳಾ ತುಳಿಸಾಕೇನು?" ಆಮೇಲೆ ಕೂತು ಬಿಡಿಸಿ ಹೇಳಿದರು. ತಂತ್ರಾಂಶ ಮೂರು ಮೂರು ಬಿಂದು ಕೂಡಿಸಿ ತ್ರಿಕೋನ ಕಟ್ಟುತ್ತದೆ. ಮೂರೂ ಒಂದೇ ಗೆರೆಯ ಮೇಲಿದ್ದರೆ ಅಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. "ಅದಕ್ಕ ಬುದ್ಧಿ ಇಲ್ಲ, ನಿನಗ ಆಲಸ್ಯ ಐತಿ. ಇಬ್ರೂ ಕೂಡಿ ನಕಾಶಿ ಮಾಡಾಕ ಹೊಂಟೀರಿ." ಇಂಥ ಕಡೆ ಗೆರೆಯ ಒಳಗೆ ಅಳತೆ ಮಾಡಿದ ಒಂದು ಬಿಂದು ಇಟ್ಟು ಅದರ ಎತ್ತರ ಬರೆಯಬೇಕು. ಅಳತೆ ಸಿಗದಿದ್ದರೆ? "ನಾ ಇದ್ದೀನಲ್ಲ" ಎಂದು ಎದೆ ಮುಟ್ಟಿಕೊಳ್ಳುತ್ತಿದ್ದರು. ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ಕಾಲಲ್ಲಿ ಸುತ್ತಿದವರು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಎತ್ತರ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಆಮೇಲೆ ಅಳತೆ ಸಿಕ್ಕ ಕಡೆ ಹೋಲಿಸಿದರೆ ಹತ್ತಕ್ಕೆ ಒಂಬತ್ತು ಸರಿ ಬರುತ್ತಿದ್ದವು. ಆ ಸೊಕ್ಕು ಅವರಿಗೂ ಇತ್ತು, ನನಗೂ ಇತ್ತು.

ಆಮೇಲೆ ಮಾಸೂರಿನ ಕಡೆಯ ಒಂದು ಸಣ್ಣ ಕೆರೆಯ ಕೆಲಸ ಬಂತು. ನೀರು ಹೆಚ್ಚು ನಿಲ್ಲಲೆಂದು ಕೆರೆಯ ಕೋಡಿಯನ್ನು ಒಂದು ಮೀಟರ್ ಎತ್ತರಿಸುವ ವಿಚಾರ. ಯಾರ ಮನೆ ಮುಳುಗುತ್ತದೆ, ಯಾರದು ಉಳಿಯುತ್ತದೆ ಎಂದು ತೋರಿಸುವ ನಕಾಶೆ ನಮ್ಮದು. ಕೆರೆಯ ಮೇಲ್ದಂಡೆಯ ಒಂದು ಓಣಿಯ ಸುತ್ತ ಹಾಳೆಯಲ್ಲಿ ಉಂಗುರದಂಥ ಗೆರೆಯಿತ್ತು, ಒಳಗೆ ಅಳತೆಯಿರಲಿಲ್ಲ. ಸರ್ ಕಣ್ಣು ಮುಚ್ಚಿ, "ಅದು ದಿಬ್ಬ. ಒಂದೂವರಿ ಮೀಟರ್ ಏರಸು" ಅಂದರು. ಏರಿಸಿದೆ. ಓಣಿ ಪೂರ್ತಿ ಉಳಿಯಿತು. ನಕಾಶೆ ಪಂಚಾಯ್ತಿಗೆ ಹೋಯಿತು.

ಗ್ರಾಮಸಭೆಗೆ ಎರಡು ದಿನ ಇರುವಾಗ ಹಾಳೆಯನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ಉಂಗುರದ ಗೆರೆಗೆ ಒಳಮುಖವಾಗಿ ಇರುವೆಯ ಕಾಲಿನಂಥ ಗೀಟುಗಳಿದ್ದವು. ನಾವು ಅದನ್ನು ಮಾಸಿದ ಶಾಯಿ ಅಂದುಕೊಂಡಿದ್ದೆವು. ಹಾಗೆ ಗೀಟಿದ್ದರೆ ಒಳಗಿನ ನೆಲ ತಗ್ಗು ಎಂದರ್ಥ. ಅದನ್ನು ನನಗೆ ಕಲಿಸಿದವರೂ ಸರ್ ಅವರೇ.

ಅಂಜುತ್ತಲೇ ಹೇಳಿದೆ. "ನನಗ ಹೇಳಾಕ ಬಂದ್ಯಾ?" ಎಂದು ಎದ್ದು ನಿಂತರು. "ಆ ದಿಬ್ಬದ ಮ್ಯಾಲ ಕುಂತು ಬುತ್ತಿ ಉಂಡೇನಿ ನಾ!" ಚಹಾ ಕುಡಿಯದೆ ಇಳಿದು ಹೋದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನೋಡಿದರೆ, ಗೌಂಡಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಸರ್ ನಿಂತಿದ್ದಾರೆ! "ಹತ್ತು" ಅಂದರು, ಅಷ್ಟೇ. ಹಾನಗಲ್ಲು ದಾಟಿ, ಹಿರೇಕೆರೂರು ದಾಟಿ ಮಾಸೂರಿನ ಕಡೆ ಇಳಿದೆವು.

ಆ ಓಣಿಯ ಮೊದಲ ಮನೆ ಚನ್ನವ್ವ ಎಂಬವರದು. ಸರ್, "ಯವ್ವಾ, ಇಲ್ಲೊಂದು ದಿಬ್ಬ ಇತ್ತಲ್ಲ?" ಎಂದು ಕೇಳಿದರು.

"ದಿಬ್ಬ ಹಳ್ಳದ ಆಚಿಗೆ ಐತ್ರಿ. ಇದು ತಗ್ಗ. ಕೆರಿ ತುಂಬಿದ ವರ್ಸ ದಾರಿ ಕೆಳಗಿನ ಮೋರ್ಯಾಗಿಂದ ನೀರ ಹಿಂದಕ್ಕ ಬಂದು ನಮ್ಮ ಕಟ್ಟಿ ಮುಟ್ತೈತ್ರಿ."

ಸರ್ ಪೈಪಿಗೆ ನೀರು ತುಂಬಿ, ಕೋಡಿಯಿಂದ ಹಿಡಿದು ಹತ್ತು ಹತ್ತು ಹೆಜ್ಜೆಗೆ ಮಟ್ಟ ಹಿಡಿಯುತ್ತ, ಮೊಣಕಾಲು ನೋವಿನಲ್ಲಿ ಹುಬ್ಬು ಗಂಟಿಕ್ಕಿಕೊಂಡು ಚನ್ನವ್ವನ ಹೊಸ್ತಿಲಿನವರೆಗೆ ಬಂದರು. ಕೋಡಿ ಎತ್ತರಿಸಿದರೆ ಆ ಹೊಸ್ತಿಲ ಮೇಲೆ ಮೊಣಕಾಲುದ್ದ ನೀರು. ಎರಡು ಸಲ ಅಳೆದರೂ ಅಷ್ಟೇ ಬಂತು.

"ನಾವು ಮುಳಗ್ತೇವೇನ್ರಿ ಸರ?" ಎಂದರು ಚನ್ನವ್ವ.

"ನನ್ನ ನಕಾಶಿ ಪ್ರಕಾರ ಇಲ್ಲವ್ವ. ನೀರಿನ ಪ್ರಕಾರ ಹೌದು."

ಗ್ರಾಮಸಭೆಯ ದಿನ ನಾನು ನಕಾಶೆ ಹಿಡಿದು ಸರ್ ಪಕ್ಕದಲ್ಲಿ ಕೂತಿದ್ದೆ. ಬಿಂದು ಬರೆದ ಕೈ ನನ್ನದು, ತಪ್ಪನ್ನು ನನ್ನ ಮೇಲೆ ಹಾಕಿದರೆ ಯಾರು ಬೇಡ ಅನ್ನುತ್ತಿದ್ದರು? ಸರ್ ಎದ್ದು, ಪಂಚೆ ಸರಿ ಮಾಡಿಕೊಂಡು, ಪಾಠ ಹೇಳುವ ದನಿಯಲ್ಲಿಯೇ ಹೇಳಿದರು: "ಈ ನಕಾಶಿ ತಪ್ಪೈತಿ. ತಪ್ಪು ನಂದು. ಈ ಓಣಿ ದಿಬ್ಬದ ಮ್ಯಾಲಿಲ್ಲ, ತಗ್ಗಿನ್ಯಾಗ ಐತಿ."

ಹಿಂದಿನಿಂದ ಯಾರೋ, "ಹಂಗಾರ ಇಷ್ಟು ವರ್ಸ ಏನ್ ಅಳದ್ರಿ ಸರ?" ಎಂದು ನಕ್ಕರು.

"ಅಳದದ್ದು ಭಾಳ ಐತಿ. ಅಳೀಲಾರದ ಬರದದ್ದೂ ಒಂದಿಷ್ಟೈತಿ. ಇದು ಅದರಾಗಿಂದು" ಎಂದರು ಸರ್. ಪಂಚಾಯ್ತಿಯವರು ಕೋಡಿ ಎತ್ತರಿಸುವುದನ್ನು ಕೈಬಿಟ್ಟು ಕೆರೆಯ ಹೂಳು ತೆಗೆಸಿದರು. ಚನ್ನವ್ವ ಸಭೆಯ ಮರುದಿನ ಮೊದಲ ಬಸ್ಸಿಗೇ ನಮಗೆ ಒಂದು ಚೀಲ ಶೇಂಗಾ ಕಳಿಸಿದ್ದರು.

ಇಷ್ಟಕ್ಕೇ ಬಿಡುವ ಮನುಷ್ಯ ಸರ್ ಅಲ್ಲ. ಅವತ್ತೇ ಆಫೀಸಿಗೆ ಬಂದವರೇ, "ನಾ ನೆಪ್ಪಿನ ಮ್ಯಾಲ ಇಟ್ಟ ಬಿಂದು ಎಲ್ಲಾ ಹುಡುಕಿ ತಗಿ" ಎಂದರು. ನಾಲ್ಕೂ ತಾಲೂಕಿನ ನಕಾಶೆಗಳನ್ನು ಒಂದೊಂದಾಗಿ ತೆರೆದು, ಅಳೆಯದ ಬಿಂದುವಿಗೆಲ್ಲ ಕೆಂಪು ಪ್ರಶ್ನೆಚಿಹ್ನೆ ಹಾಕಿಸಿದರು. ಆಮೇಲೆ ಪೈಪು ಹೊತ್ತುಕೊಂಡು ಊರೂರು ತಿರುಗಿದೆವು. ಸರಿ ಬಂದದ್ದಕ್ಕೆ ಚಿಹ್ನೆ ಅಳಿಸುವಾಗ ಅವರ ಮುಖ ನೋಡಬೇಕಿತ್ತು! ತಪ್ಪು ಬಂದರೆ ನನಗೆ ಬೈಯುತ್ತಿದ್ದರು, ನಾನೇನೋ ಮಾಡಿದವಳ ಹಾಗೆ. ಅಂಥ ಬೈಗುಳ ಇನ್ನೂ ಹತ್ತು ವರ್ಷ ತಿನ್ನಲು ನಾನು ತಯಾರಿದ್ದೆ.

ಕೆಲಸ ಮುಗಿಯುವ ಮೊದಲೇ ಅವರ ಎದೆ ಕೈಕೊಟ್ಟಿತು. ಸವಣೂರಿನ ಮನೆಗೆ ನೋಡಲು ಹೋದಾಗ, ಔಷಧದ ಮಾತು ಬಿಟ್ಟು, "ಎಷ್ಟು ಉಳಿದಾವು?" ಎಂದು ಕೇಳಿದರು.

"ಹತ್ತಿಮತ್ತೂರಿಂದು ಒಂದ ಐತ್ರಿ ಸರ್. ನೀವು ಎದ್ದ ಮ್ಯಾಲ ಹೋಗೋಣ್ರಿ."

"ನನ್ನ ದಾರಿ ಕಾಯಬ್ಯಾಡ. ಅಳಿ. ತಪ್ಪಿದ್ರ ತಪ್ಪಂತ ಬರಿ. ನಾಚಬ್ಯಾಡ."

ಒಂದು ವಾರಕ್ಕೆ ಹೋಗಿಬಿಟ್ಟರು.

ತಿಂಗಳಾದ ಮೇಲೆ ಹತ್ತಿಮತ್ತೂರಿನ ಹೊಲದಲ್ಲಿ, ಪೈಪಿನ ಒಂದು ತುದಿ ಹೊಲದ ಯಜಮಾನರ ಕೈಗೆ ಕೊಟ್ಟು, ಇನ್ನೊಂದು ನಾನು ಹಿಡಿದೆ. ಅಳತೆ ಬಂತು. ನಂಬಲಾಗದೆ ಇನ್ನೊಮ್ಮೆ ಹಿಡಿದೆ. ಸರ್ ಕಣ್ಣು ಮುಚ್ಚಿ ಹೇಳಿದ್ದಕ್ಕೂ ನೀರು ತೋರಿಸಿದ್ದಕ್ಕೂ ಎರಡು ಬೆರಳಿನ ವ್ಯತ್ಯಾಸವೂ ಇರಲಿಲ್ಲ. "ಸರಿ ಐತ್ರೀ ಸರ್!" ಎಂದು ಹೊಲದಲ್ಲಿ ನಿಂತು ಕೂಗಿದೆ.

ಆ ತುದಿಯಿಂದ ಯಜಮಾನರು ಬಗ್ಗಿ ನೋಡಿ, "ನನಗ ಅಂದ್ರೇನ್ರಿ ಅಕ್ಕಾರ?" ಎಂದರು.

"ನಿಮಗಲ್ರಿ" ಎಂದೆ.