ರೆಲಿಕ್ಟ್ ಎಂದರೆ ಉಳಿದವಳು

ಹಾಸನದ ಹಳೆಯ ಸಿಮೆಟ್ರಿಯೊಂದರಲ್ಲಿ, ಪಾಚಿ ಹಿಡಿದ ಗೋರಿಗಲ್ಲಿನ ಮೇಲೆ ಆ ಪದವನ್ನು ಮೊದಲು ಕಂಡೆ. ಯಾವನೋ ಪರಂಗಿ ದೊರೆಯ ‘ರೆಲಿಕ್ಟ್’ ಇಲ್ಲಿ ಮಲಗಿದ್ದಾಳೆ ಎಂದಿತ್ತು. ಹೊಳೆನರಸೀಪುರದ ಕಾಲೇಜಿನಲ್ಲಿ ಅಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೂ ಅದು ಹೊಸದು. ನಿಘಂಟು ತೆಗೆದೆ. ವಿಧವೆ ಎನ್ನಲು ಇಂಗ್ಲಿಷರು ಒಂದು ಕಾಲದಲ್ಲಿ ಬಳಸುತ್ತಿದ್ದ ಪದ, ಈಗ ಬಳಕೆ ತಪ್ಪಿದೆ. ಬೇರು ಲ್ಯಾಟಿನ್ನಿನದು: ಬಿಟ್ಟುಹೋದದ್ದು, ಹಿಂದೆ ಉಳಿದದ್ದು. ಚರ್ಚುಗಳಲ್ಲಿ ಸಂತರ ಮೂಳೆಗಳನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾರಲ್ಲ, ಆ ‘ರೆಲಿಕ್’ ಇದರ ಒಡಹುಟ್ಟು. ಮೂಳೆಗಾದರೂ ಪೂಜೆ ಉಂಟು, ಹೆಂಗಸಿಗೆ ಅದೂ ಇಲ್ಲ ಎಂದು ಯಜಮಾನರ ಹತ್ತಿರ ರೇಗಾಡಿದ್ದೆ. ಅವರು ನಕ್ಕಿದ್ದರು.

ಮರುವರ್ಷ ಅವರೇ ಹೋಗಿಬಿಟ್ಟರು. ಗಂಟಲಿಗೆ ಬಂದ ಕಾಯಿಲೆ, ಕೊನೆಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಆ ಪದ ನನ್ನ ಬೆನ್ನು ಹತ್ತಿತು. ಸೊಪ್ಪು ಬಿಡಿಸುವಾಗ, ಬಸ್ಸಿನಲ್ಲಿ ಕೂತಾಗ, ಹಿಂದಿನಿಂದ ಯಾರೋ ಹಾಗೆಂದು ಕರೆದಂತಾಗುತ್ತಿತ್ತು. ನಿಜಕ್ಕೂ ಹೆದರಿದ್ದೆ.

ಅರಕಲಗೂಡಿನ ಹತ್ತಿರ, ಅತ್ತೆಯ ಊರಿನಲ್ಲಿ ಯಜಮಾನರ ಮೊದಲ ಪಕ್ಷ ಬಂತು. ಸತ್ತವರಿಗೆ ಎಡೆ ಇಡುವ ಹಬ್ಬ. ಫೋಟೋ ಮುಂದೆ ಬಾಳೆಲೆಯಲ್ಲಿ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಒಂದು ಪ್ಯಾಕ್ ಸಿಗರೇಟು. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಆಗ ಸತ್ತವರು ಬಂದು ಉಣ್ಣುತ್ತಾರೆ. ಬದುಕಿದವರ ಕಣ್ಣು ಬಿದ್ದರೆ ಎಲೆ ಮುಟ್ಟದೆ ಎದ್ದು ಹೋಗುತ್ತಾರಂತೆ. ಅದಕ್ಕೇ ಬಾಗಿಲು ತೆಗೆಯುವ ಮುಂಚೆ ಒಮ್ಮೆ ಕೆಮ್ಮಿ ಸುಳಿವು ಕೊಡಬೇಕು.

ದೆವ್ವ ಭೂತ ನಂಬುವ ಪೈಕಿ ನಾನಲ್ಲ. ಆದರೂ ಹೊಗೆಯ ಮರೆಯಲ್ಲಿ, ಬಾಗಿಲ ಹಿಂದೆ ಒಳಗೇ ನಿಂತುಬಿಟ್ಟೆ. ಅವರನ್ನು ಒಮ್ಮೆ ನೋಡಬೇಕಿತ್ತು, ಅಷ್ಟೇ. ಬಾಗಿಲು ಮುಚ್ಚಿತು. ಕೆಂಡ ಚಿಟಪಟ ಎನ್ನುತ್ತಿತ್ತು. ಸಾರು ಆರಿ ಮೇಲೆ ಎಣ್ಣೆ ಕಟ್ಟಿತು. ಯಾರೂ ಬರಲಿಲ್ಲ. ಬಂದವರನ್ನು ನಾನೇ ಹೊಸಿಲಲ್ಲಿ ತಡೆದೆನೇ, ಹಸಿದ ಹೊಟ್ಟೆಯಲ್ಲೇ ಇನ್ನೊಂದು ಸಲ ಕಳಿಸಿಬಿಟ್ಟೆನೇ?

ಹೊರಗೆ ಕೆಮ್ಮು ಕೇಳಿಸಿತು. ಅತ್ತೆ ಒಬ್ಬರೇ ಒಳಗೆ ಬಂದರು, ನನ್ನನ್ನು ಕಂಡರು. ಬೈಯುತ್ತಾರೆಂದು ತಲೆ ಬಗ್ಗಿಸಿ ನಿಂತೆ. ಅವರು ಬಾಗಿಲನ್ನು ಮತ್ತೆ ಮುಂದಕ್ಕೆ ತಳ್ಳಿ, ನನ್ನ ಮುಂಗೈ ಹಿಡಿದುಕೊಂಡರು.

“ಬಂದಿದ್ನೇನವ್ವ?”

ನಾನು ಎಲೆಯ ಕಡೆ ನೋಡಿದೆ.

“ಯೋಳವ್ವ. ಒಟ್ಟೆ ತುಂಬ ಉಂಡ್ನಾ?”

“ಉಂಡ್ರು ಅತ್ತೆ,” ಎಂದೆ. “ಇನ್ನೊಂದ್ ಸೌಟು ಸಾರು ಬಿಡು ಅಂದ್ರು.”