ಮಾತ್ರೆಯಕ್ಕನ ಪೆಪ್ಪರ್‌ಮಿಂಟು

ಆ ಬೀದಿಯಲ್ಲಿ ಅವಳಿಗೆ ಮಾತ್ರೆಯಕ್ಕ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವಳು. ಅತ್ತೆ ಹೋದ ಮೇಲೆ, "ಹೇಗೂ ಕೈ ಪಳಗಿದೆ, ನಮ್ಮನೇ ಮುದುಕ್ರನ್ನೂ ಒಂಚೂರು ನೋಡ್ಕೋ" ಎಂದು ನೆರೆಹೊರೆಯವರು ಕರೆದರು, ಅದೇ ಕಸುಬಾಯಿತು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದು, ಮುಖ ತೊಳೆಸುವುದು, ತಿಂಡಿ ತಿನ್ನಿಸುವುದು, ಮಾತ್ರೆ ನುಂಗಿಸುವುದು, ಬಿಪಿ ನೋಡುವುದು, ಬೈಸಿಕೊಳ್ಳುವುದು. ಈ ಕೊನೆಯ ಕೆಲಸಕ್ಕೆ ಮಾತ್ರ ಸಂಬಳ ಸಾಲದು ಎಂದು ಅವಳೇ ನಗುತ್ತಿದ್ದಳು.

ಮಾತ್ರೆ ನುಂಗುವುದರಲ್ಲಿ ಮುದುಕರದು ಒಬ್ಬೊಬ್ಬರದು ಒಂದೊಂದು ವರಸೆ. ಮೂಲೆಮನೆಯ ಪೋಸ್ಟ್‌ಮ್ಯಾನ್ ತಾತ ಏನು ಎತ್ತ ಎಂದು ಕೇಳದೆ ಕೊಟ್ಟಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಜೀವಮಾನವಿಡೀ ಒಡೆದು ನೋಡದೆ ಕಾಗದ ತಲುಪಿಸಿದ ಮನುಷ್ಯ, ಈಗೇನು ಕೇಳಿಯಾರು? ಆದರೆ ದರ್ಜಿಯಮ್ಮ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ.

ದರ್ಜಿಯಮ್ಮನ ಮುಂದೆ ತೋಳು ಚಾಚಿ ಅಳತೆ ಕೊಡದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸುವರು, ಒಂದು ಪಿನ್ನೂ ಬೀಳುತ್ತಿರಲಿಲ್ಲ. ಎದುರಿಗಿದ್ದವರ ಕೈಗೆ ಅರ್ಧ ಇಡದೆ ಒಂದು ಬಿಸ್ಕತ್ತನ್ನೂ ತಿಂದವರಲ್ಲ. ಅಂಥವರಿಗೆ ಲಕ್ವ ಹೊಡೆದು ಬಲಗೈ ಸ್ವಲ್ಪ ಸೋತಿತು. ಡಾಕ್ಟರು ಮಗಳನ್ನು ಹೊರಗೆ ಕರೆದು, "ಇನ್ನೊಂದು ಸಲ ಹೊಡೆದರೆ ಉಳಿಸಿಕೊಳ್ಳೋದು ಕಷ್ಟ. ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಬಾರದು" ಎಂದರು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಮಗಳು ಬೆಳಿಗ್ಗೆಯೇ ಮನೆ ಬಿಡಬೇಕು. ಹಾಗಾಗಿ ಮಾತ್ರೆಯಕ್ಕ ಬಂದಳು.

ಮೊದಲ ವಾರ ದರ್ಜಿಯಮ್ಮ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. "ನಂಗೊಬ್ಬಳಿಗೇ ಯಾಕೆ? ನಂಗೇನು ರೋಗ ಬಡ್ದಿದೆ?" ಎಂದು ಮಾತ್ರೆಯನ್ನು ಹೊಲಿಗೆ ಯಂತ್ರದ ಮೇಲೆ ಬಿಸಾಕುವರು.

ಮಾತ್ರೆಯಕ್ಕನಿಗೆ ಥಟ್ಟನೆ ಒಂದು ಸುಳ್ಳು ಹೊಳೆಯಿತು. "ಅಯ್ಯೋ, ನಂಗೂ ಬಿಪಿ ಇದೆ ಕಣಮ್ಮ. ನಾನೂ ದಿನಾ ನುಂಗ್ತೀನಿ. ಬನ್ನಿ, ಜೊತೆಗೇ ನುಂಗೋಣ" ಎಂದು, ಚೀಲದಲ್ಲಿದ್ದ ಬಿಳಿಯ ಪೆಪ್ಪರ್‌ಮಿಂಟನ್ನು ತನ್ನ ಬಾಯಿಗೆ ಹಾಕಿ ನೀರು ಕುಡಿದಳು. ದರ್ಜಿಯಮ್ಮ ಅವಳನ್ನೇ ದಿಟ್ಟಿಸಿ ನೋಡಿದರು. ಮುಖ ಮೆತ್ತಗಾಯಿತು. "ಪಾಪ, ಈ ವಯಸ್ಸಿಗೇನಾ?" ಎಂದು ತಮ್ಮ ಮಾತ್ರೆ ಬಾಯಿಗಿಟ್ಟುಕೊಂಡರು. ಅಂದಿನಿಂದ ತಕರಾರೇ ಇಲ್ಲ. ಮಾತ್ರೆಯಕ್ಕ ಮನಸ್ಸಿನಲ್ಲೇ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಮಾತ್ರೆ ಆದ ಮೇಲೆ ಟೀ. ಎರಡು ಲೋಟವನ್ನೂ ಹೊಲಿಗೆ ಯಂತ್ರದ ಮೇಲಿಟ್ಟು, ಆರುವಷ್ಟರಲ್ಲಿ ಅವಳು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕಿ ಬರುತ್ತಿದ್ದಳು. ಕೆಲವು ದಿನಗಳಲ್ಲಿ ಆ ಟೀ ಯಾಕೋ ಕಹಿ ಹೊಡೆಯತೊಡಗಿತು. ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡಳು. "ಏನ್ ಪುಡಿ ಕೊಟ್ಟಿದ್ಯೋ, ಮರದ ಹೊಟ್ಟು ಬೆರಸ್ತೀಯಾ?"

"ಅಕ್ಕಾ, ಪುಡಿ ಸರಿಯಾಗೇ ಇದೆ. ನಿಮ್ ನಾಲಿಗೆಗೇ ವಯಸ್ಸಾಗಿರ್ಬೇಕು."

ವಯಸ್ಸೇ ಇರಬೇಕು ಎಂದು ಅವಳಿಗೂ ಅನ್ನಿಸಿತು. ಏಕೆಂದರೆ ಈಚೆಗೆ ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲಬೇಕಾಗುತ್ತಿತ್ತು. ದರ್ಜಿಯಮ್ಮ ಅದನ್ನು ನೋಡುತ್ತಿದ್ದರು. "ನಿನ್ ಕಾಯಿಲೆ ಜಾಸ್ತಿ ಆಗ್ತಿದೆ ಕಣೇ" ಎಂದು ಮರುಗುವರು. ಬೀದಿಯ ಮುದುಕರ ತೋಳಿಗೆಲ್ಲ ಬಿಪಿ ಪಟ್ಟಿ ಕಟ್ಟುತ್ತಿದ್ದವಳು ತನ್ನ ತೋಳಿಗೆ ಒಂದು ದಿನವೂ ಕಟ್ಟಿಕೊಳ್ಳಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅತ್ತ ದರ್ಜಿಯಮ್ಮನ ಬಿಪಿ ಇಳಿಯಲೊಲ್ಲದು. "ಮಾತ್ರೆ ಸರಿಯಾಗಿ ಕೊಡ್ತಿದ್ದೀರಾ?" ಎಂದು ಡಾಕ್ಟರು ಮಾತ್ರೆಯಕ್ಕನನ್ನು ಕೇಳಿದರು.

"ಒಂದು ಹೊತ್ತೂ ತಪ್ಪಿಲ್ಲ ಡಾಕ್ಟ್ರೇ. ನನ್ನ ಕಣ್ಣೆದುರಿಗೇ ನುಂಗ್ತಾರೆ."

ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಮಾತ್ರೆಯಕ್ಕನ ತಲೆಸುತ್ತು ಇನ್ನೂ ಹೆಚ್ಚಿತು.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದವಳು ಕ್ಲಿಪ್ಪು ಮರೆತು ಅರ್ಧದಲ್ಲೇ ಒಳಗೆ ಬಂದಳು. ದರ್ಜಿಯಮ್ಮ ಎಡಗೈ ಬೆರಳಿನಿಂದ ದವಡೆಯ ಸಂದಿಯಲ್ಲಿದ್ದ ಮಾತ್ರೆಗಳನ್ನು ಒಂದೊಂದಾಗಿ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಮಾತ್ರೆಯಕ್ಕನ ಲೋಟಕ್ಕೆ ಹಾಕಿ ಚಮಚದಲ್ಲಿ ಕಲಕುತ್ತಿದ್ದರು. ಮಗುವಿಗೆ ಹಾಲು ಆರಿಸಿ ಕೊಡುವಷ್ಟೇ ಜೋಪಾನವಾಗಿ.

ಮಾತ್ರೆಯಕ್ಕ ಓಡಿ ಬಂದು ಕೈ ತಡೆದಳು. "ಏನಮ್ಮಾ ಇದು! ಏನ್ ಮಾಡ್ತಿದ್ದೀರಾ?"

ಸಿಕ್ಕಿಬಿದ್ದ ನಾಚಿಕೆ ದರ್ಜಿಯಮ್ಮನ ಮುಖದಲ್ಲಿತ್ತು, ತಪ್ಪು ಮಾಡಿದ ಭಯ ಇರಲಿಲ್ಲ. "ನೀನು ನುಂಗೋದು ಪೆಪ್ಪರ್‌ಮಿಂಟು ಅಂತ ನಂಗೆ ಅವತ್ತೇ ಗೊತ್ತಾಯ್ತು. ವಾಸನೆ ಬರಲ್ವಾ? ಔಷಧಿ ತಗೊಳ್ಳಕ್ಕೆ ಗತಿ ಇಲ್ದೆ, ಅದನ್ನ ನುಂಗಿ ಮರ್ಯಾದೆ ಉಳಿಸ್ಕೋತಿದ್ದೀಯಾ ಅಂತ ಹೊಟ್ಟೆ ಉರೀತು. ಕೊಟ್ರೆ ನೀನು ತಗೋತಿದ್ಯಾ? ಅದಕ್ಕೇ ಹೀಗೆ."

"ನಂಗೇನೂ ಕಾಯಿಲೆ ಇಲ್ಲಮ್ಮಾ! ನಿಮಗೆ ನುಂಗಿಸ್ಬೇಕು ಅಂತ ಸುಳ್ಳು ಹೇಳ್ದೆ!"

"ಸುಮ್ನಿರೇ. ಬಾಗಿಲು ಹಿಡ್ಕೊಂಡು ನಿಲ್ಲೋದು ನಾ ನೋಡಿಲ್ವಾ? ನಾನಾದ್ರೆ ಉದುರೋ ಎಲೆ. ನೀನು ಬದುಕ್ಬೇಕಾದೋಳು, ಕುಡಿ."

ಮಾತ್ರೆಯಕ್ಕನಿಗೆ ಈಗ ಎಲ್ಲ ಅರ್ಥವಾಯಿತು. ಜೀವಮಾನವಿಡೀ ಪಿನ್ನು ಕಚ್ಚಿ ಮಾತಾಡಿದ ಬಾಯಿಗೆ ಮಾತ್ರೆ ಅಡಗಿಸಿಕೊಳ್ಳುವುದು ಯಾವ ಮಹಾ ವಿದ್ಯೆ? ಅವಳು ಆಣೆ ಇಟ್ಟಳು, ಕಾಲು ಹಿಡಿದಳು. ಅವಳು ಎಷ್ಟು ಅತ್ತರೆ ಅಷ್ಟೂ ಕಾಯಿಲೆ ನಿಜ ಎಂದು ದರ್ಜಿಯಮ್ಮನಿಗೆ ಗಟ್ಟಿಯಾಗುತ್ತಿತ್ತು.

ಸಂಜೆ ಮಗಳು ಬರುವವರೆಗೂ ಕಾದು ಮಾತ್ರೆಯಕ್ಕ ಎಲ್ಲವನ್ನೂ ಹೇಳಿದಳು. ಮಗಳು ಬೆಂಕಿಯಾದಳು. "ನಮ್ಮಮ್ಮ ಏನು ಮಗುವಾ, ಪೆಪ್ಪರ್‌ಮಿಂಟು ತೋರಿಸಿ ಆಟ ಆಡ್ಸಕ್ಕೆ? ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದ್ನಲ್ಲಾ ಅಕ್ಕಾ!" ಬೆಳಗಾಗುತ್ತಲೇ ಡಾಕ್ಟರ ಬಳಿಗೆ ಹೋಗುವುದೆಂದಾಯಿತು. ಬೆಳಗಾಗುವಷ್ಟರಲ್ಲಿ ದರ್ಜಿಯಮ್ಮನಿಗೆ ಎರಡನೆಯ ಸಲ ಲಕ್ವ ಹೊಡೆದಿತ್ತು.

ಆಸ್ಪತ್ರೆಯಿಂದ ತಂದಾಗ ಬಲಭಾಗ ಪೂರ್ತಿ ಹೋಗಿತ್ತು, ಬಾಯಿ ಒಂದು ಕಡೆ ವಾಲಿತ್ತು, ಮಾತು ನಿಂತಿತ್ತು. ಮಾತ್ರೆಯಕ್ಕ ಬಾಗಿಲಲ್ಲೇ ತಲೆತಗ್ಗಿಸಿ ನಿಂತಿದ್ದಳು. ಮಗಳು ಬೈದು ಓಡಿಸಿದ್ದರೆ ಅವಳಿಗೆ ಎಷ್ಟೋ ಸಮಾಧಾನವಿರುತ್ತಿತ್ತು. ಆದರೆ ಮಗಳು ಹೇಳಿದ್ದು ಬೇರೆ. "ಆಸ್ಪತ್ರೇಲಿ ಯಾರ್ ಕೊಟ್ರೂ ಬಾಯೇ ಬಿಡ್ಲಿಲ್ಲ ಅಕ್ಕಾ. ನಿಮ್ ಕೈಯಿಂದಾದ್ರೂ ತಗೋತಾರೇನೋ ನೋಡಿ. ಈ ಮಾತ್ರೇನೂ ಒಳಗೆ ಹೋಗ್ದಿದ್ರೆ ತಮ್ಮ ಕೈಲಿ ಏನೂ ಇಲ್ಲ ಅಂದ್ಬಿಟ್ರು ಡಾಕ್ಟ್ರು."

ಮಾತ್ರೆಯಕ್ಕ ಮಾತ್ರೆ ಪುಡಿ ಮಾಡಿ, ನೀರಲ್ಲಿ ಕಲಸಿ, ಚಮಚವನ್ನು ತುಟಿಯ ಹತ್ತಿರ ಒಯ್ದಳು. ದರ್ಜಿಯಮ್ಮನ ಕಣ್ಣು ಅವಳನ್ನು ಗುರುತಿಸಿತು. ಉಳಿದಿದ್ದ ಎಡಗೈ ಮೆಲ್ಲಗೆ ಎದ್ದು ಚಮಚವನ್ನು ಹಿಡಿದು ಅವಳ ಬಾಯಿಯ ಕಡೆಗೆ ತಿರುಗಿಸಿತು.

"ಬೇಡಮ್ಮಾ... ಇದು ನಿಮ್ದು. ನಾನು ಚೆನ್ನಾಗಿದ್ದೀನಿ, ನೋಡಿ."

ಕೈ ಬಿಡಲಿಲ್ಲ. ಬೇರೆ ದಾರಿ ಕಾಣದೆ ಅವಳು ಇನ್ನೊಂದು ಚಮಚದಲ್ಲಿ ಬರೀ ನೀರು ತೆಗೆದುಕೊಂಡು, ಔಷಧಿಯೇ ಎಂಬಂತೆ ಮುಖ ಹಿಂಡಿ, ಗುಟುಕರಿಸಿ ತೋರಿಸಿದಳು. ಮತ್ತೆ ಅದೇ ಸುಳ್ಳು. "ಆಯ್ತಮ್ಮ, ನಾನು ನುಂಗ್ದೆ. ಈಗ ನೀವು. ಜೊತೆಗೇ ಅಂತಲ್ವಾ ನಮ್ಮ ಮಾತು?"

ದರ್ಜಿಯಮ್ಮ ಅವಳ ಗಂಟಲನ್ನೇ ನೋಡುತ್ತಿದ್ದರು. ನೀರು ಇಳಿದದ್ದು ಕಂಡಿತು. ಔಷಧಿ ಸೇರಬೇಕಾದವಳಿಗೆ ಸೇರಿತು ಎಂಬ ಸಮಾಧಾನದಿಂದ ಅರ್ಧ ಮುಖ ನಕ್ಕಿತು. ಎಡಗೈ ಅವಳ ಕೆನ್ನೆ ಸವರಿ ಹಾಸಿಗೆಯ ಮೇಲೆ ಬಿತ್ತು. ಆಮೇಲೆ ಅವರು ಪಿನ್ನು ಕಚ್ಚಿದಂತೆ ತುಟಿ ಬಿಗಿದುಕೊಂಡರು. ಮಾತ್ರೆಯಕ್ಕ ಬೇಡಿದಳು, ಗದರಿದಳು, ಬಿಕ್ಕಿ ಬಿಕ್ಕಿ ಅತ್ತಳು. ಆ ಬಾಯಿ ಮತ್ತೆ ತೆರೆಯಲಿಲ್ಲ.