ಫೋಟೋದಲ್ಲಿ ಉಳಿದ ಕೈ

ನಮ್ಮ ಅಡುಗೆಮನೆಯ ಎರಡನೆಯ ಡ್ರಾವರಿನಲ್ಲಿ ಒಂದು ಹಳೆಯ ಕತ್ತರಿ ಇದೆ. ಕುವೈತಿಗೆ ಬಂದ ಹೊಸತರಲ್ಲಿ, ಹವಲ್ಲಿಯಲ್ಲಿದ್ದಾಗ ಕೊಂಡದ್ದು. ಹಿಡಿಯ ಒಂದು ಬದಿ ಒಡೆದು ನನ್ನ ಗಂಡ ಅದಕ್ಕೆ ಟೇಪು ಸುತ್ತಿದ್ದಾರೆ. ಎಗೈಲಾದ ಈ ಮನೆಗೆ ಬರುವಾಗ ಮಂಚ, ಸೋಫಾ, ಮದುವೆಗೆ ಬಂದ ಊಟದ ಸೆಟ್ಟು ಎಲ್ಲವನ್ನೂ ಯಾರ್ಯಾರಿಗೋ ಕೊಟ್ಟು ಬಂದೆವು. ಕತ್ತರಿ ಮಾತ್ರ ಹೇಗೋ ಜೊತೆಗೆ ಬಂತು. ಈಗ ಅದಕ್ಕೆ ಮಸಾಲೆ ಪೊಟ್ಟಣದ ಮೂಲೆ ಕತ್ತರಿಸುವುದು, ಕೊತ್ತಂಬರಿ ಕಟ್ಟಿನ ಬೇರು ತೆಗೆಯುವುದು ಇಷ್ಟೇ ಕೆಲಸ. ಕಳೆದ ಶುಕ್ರವಾರ ಬೆಳಿಗ್ಗೆ ಹಾಗೆ ಬೇರು ತೆಗೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಮಗಳು ಲಿಸ್ಬನ್‌ನಿಂದ ಒಂದು ಚಿತ್ರ ಕಳಿಸಿದ್ದಳು.

ಮಗಳ ಸಂಗತಿ ಮೊದಲು ಹೇಳಿಬಿಡುತ್ತೇನೆ. ಶ್ರೇಯಾ ಇಂಗ್ಲೆಂಡಿನಲ್ಲಿ ಚರಿತ್ರೆ ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಒಬ್ಬ ಅಧ್ಯಾಪಕಿ ಮತ್ತು ಎಂಟು ಹತ್ತು ಸಹಪಾಠಿಗಳ ಜೊತೆ ಲಂಡನ್, ಆಮ್‌ಸ್ಟರ್‌ಡ್ಯಾಂ, ಲಿಸ್ಬನ್ ಎಂದು ಸುತ್ತುತ್ತಿದ್ದಾಳೆ. ಯುರೋಪಿನಲ್ಲಿ ಬದುಕಿದ ಕಪ್ಪು ಹೆಣ್ಣುಮಕ್ಕಳ ಚರಿತ್ರೆಯನ್ನು ಅವರು ಇದ್ದ ಊರುಗಳಿಗೇ ಹೋಗಿ ಓದುವುದು ಅವಳ ಪಾಠ. ಇಲ್ಲಿ ನಮ್ಮೂರಿನವರು ಸೇರುವ ಕೂಟಗಳಲ್ಲಿ ಯಾರಾದರೂ "ಮಗಳು ಎಂತ ಓದುವುದು?" ಎಂದು ಕೇಳಿದರೆ ನಾನು "ಹಿಸ್ಟರಿ" ಎಂದು ಮೆಲ್ಲಗೆ ಹೇಳಿ, "ಇಂಟರ್‌ನ್ಯಾಷನಲ್" ಎಂದು ಜೋರಾಗಿ ಸೇರಿಸುತ್ತೇನೆ. ಶರ್ಕ್‌ನ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಇನ್ಶೂರೆನ್ಸ್ ಕಾಗದ ತಿದ್ದುವವಳಿಗೆ ಇಷ್ಟು ಚಾಲಾಕಿತನ ಬರದಿದ್ದರೆ ಹೇಗೆ?

ನನ್ನ ಗಂಡ ಅವಳಿಗೇ ನೇರವಾಗಿ ಕೇಳಿದ್ದರು. "ಯುರೋಪಿಗೆ ಹೋಗಿ ಕಪ್ಪು ಹೆಂಗಸರ ಬಗ್ಗೆ ಎಂತ ಓದ್ಲಿಕ್ಕುಂಟು ಮಗಾ? ಅಲ್ಲಿ ಇದ್ದದ್ದು ಬಿಳಿಯವರಲ್ವಾ?"

"ಎಲ್ಲರೂ ಹಾಗೇ ತಿಳ್ಕೊಂಡಿದ್ದಾರೆ ಅಪ್ಪಾ. ದಟ್ಸ್ ದ ಪಾಯಿಂಟ್," ಎಂದಿದ್ದಳು.

ಊರಿಂದೂರಿಗೆ ಹೋಗುತ್ತ ಅವಳು ವಿಡಿಯೋ ಕಾಲ್ ಮಾಡುತ್ತಿದ್ದಳು. ಲಂಡನ್‌ನಲ್ಲಿ ಒಂದು ಚರ್ಚಿನ ಹಳೆಯ ಪುಸ್ತಕ ನೋಡಿದರಂತೆ. ಸತ್ತವರ ಹೆಸರು ಬರೆದಿಡುವ ಪುಸ್ತಕ. ಅದರಲ್ಲಿ ಒಂದು ಸಾಲಿನಲ್ಲಿ 'ಇಂಥವರ ಮನೆಯ ಕಪ್ಪು ದಾಸಿ' ಎಂದಷ್ಟೇ ಇತ್ತಂತೆ. ಮನೆಯ ಯಜಮಾನನ ಹೆಸರು ಉಂಟು, ಬೀದಿಯ ಹೆಸರು ಉಂಟು, ಸತ್ತವಳದ್ದು ಇಲ್ಲ. ಆಮ್‌ಸ್ಟರ್‌ಡ್ಯಾಂನಲ್ಲಿ ಕಾಲುವೆ ದಂಡೆಯ ಎತ್ತರದ ಮನೆಗಳನ್ನು ತೋರಿಸಿ, "ಇಂಥ ಮನೆಗಳ ಅಡುಗೆ ಕೋಣೆಗಳಲ್ಲಿ ಅವರಿದ್ರು ಅಮ್ಮಾ. ಮಕ್ಕಳನ್ನು ಬೆಳೆಸಿದ್ರು. ಬಟ್ ಯಾರೂ ಬರೆದಿಡಲಿಲ್ಲ," ಎಂದಳು. ನಾನು ಹೂಂಗುಟ್ಟುತ್ತ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮಗಳ ಕನ್ನಡ ಇಷ್ಟಾದರೂ ಉಳಿದಿದೆಯಲ್ಲ ಎಂದು ಸಂತೋಷಪಡುತ್ತಿದ್ದೆ. ಅವಳು ಹೇಳುತ್ತಿದ್ದುದು ನನ್ನ ಮನೆಗೂ ಬಂದು ತಟ್ಟೀತು ಎಂದು ಅನ್ನಿಸಲೇ ಇಲ್ಲ.

ಶುಕ್ರವಾರ ಅವಳು ಕಳಿಸಿದ್ದು ಒಂದು ಮ್ಯೂಸಿಯಂನ ಚಿತ್ರ. ಬಿಳಿ ರೇಷ್ಮೆ ಉಟ್ಟ ಒಬ್ಬ ಶ್ರೀಮಂತ ಹೆಂಗಸು ಕುಳಿತಿದ್ದಾಳೆ. ಬಲಗಡೆಯ ಅಂಚಿನಿಂದ ಒಂದು ಕಪ್ಪು ಕೈ ಹಣ್ಣಿನ ತಟ್ಟೆ ಹಿಡಿದು ಒಳಗೆ ಬಂದಿದೆ. ಕೈ ಮಾತ್ರ. ಮುಂಚೆ ಅಲ್ಲಿ ಒಬ್ಬ ಕಪ್ಪು ಹುಡುಗಿ ಪೂರ್ತಿ ಇದ್ದಳಂತೆ. ಮುಂದೆ ಯಾವನೋ ಮಾಲೀಕ ತನ್ನ ಚೌಕಟ್ಟಿಗೆ ಹೊಂದಲಿ ಎಂದು ಆ ಬದಿಯನ್ನು ಕತ್ತರಿಸಿ ತೆಗೆದನಂತೆ. ಕೆಳಗಿನ ಕಾರ್ಡಿನಲ್ಲಿ ಹೆಂಗಸಿನ ಹೆಸರು, ಚಿತ್ರಕಾರನ ಹೆಸರು, ರೇಷ್ಮೆ ಎಲ್ಲಿಂದ ಬಂದದ್ದು ಎನ್ನುವುದು ಕೂಡ ಇದೆ. ಕೈಯ ಬಗ್ಗೆ ಒಂದಕ್ಷರ ಇಲ್ಲ. ಅಧ್ಯಾಪಕಿ ಅವರೆಲ್ಲರನ್ನೂ ಅದರ ಮುಂದೆ ಒಂದು ಗಂಟೆ ಸುಮ್ಮನೆ ನಿಲ್ಲಿಸಿದರಂತೆ.

ಅದರ ಹಿಂದೆಯೇ ಇನ್ನೊಂದು ಫೋಟೋ ಬಂತು. ಅದು ನಮ್ಮದು. ಶ್ರೇಯಾಳ ಮೊದಲ ಹುಟ್ಟುಹಬ್ಬದ್ದು. ಕಳೆದ ರಜೆಯಲ್ಲಿ ಆಲ್ಬಮ್ಮಿನಿಂದ ಫೋನಿಗೆ ತೆಗೆದುಕೊಂಡಿದ್ದಳು. ಮೇಜಿನ ಮೇಲೆ ಕೇಕು, ಕುರ್ಚಿಯ ಮೇಲೆ ನಿಂತ ಮಗು, ಎಡಕ್ಕೆ ಜರಿ ಸೀರೆಯಲ್ಲಿ ನಾನು. ಬಲಗಡೆ ಮಗುವಿನ ಸೊಂಟ ಹಿಡಿದ ಒಂದು ಕೈ, ಅಲ್ಲಿಗೆ ಫೋಟೋ ಮುಗಿಯುತ್ತದೆ. ಮಗು ಕೇಕನ್ನೂ ನೋಡುತ್ತಿಲ್ಲ, ನನ್ನನ್ನೂ ನೋಡುತ್ತಿಲ್ಲ. ಫೋಟೋದ ಹೊರಗೆ ಯಾರನ್ನೋ ನೋಡಿ ಬಾಯಿ ತುಂಬ ನಗುತ್ತಿದೆ.

ಕೆಳಗೆ ಮಗಳ ಪ್ರಶ್ನೆ: "ಅಮ್ಮಾ, ಇದು ಯಾರ ಕೈ?"

ಈ ಪ್ರಶ್ನೆಯನ್ನು ಅವಳು ಆರೇಳು ವರ್ಷದವಳಿದ್ದಾಗಲೇ ಒಮ್ಮೆ ಕೇಳಿದ್ದಳು. ನನ್ನ ಎಡಗೈ ಅವಳ ಬೆನ್ನ ಹಿಂದೆ ಮರೆಯಾಗಿದ್ದರಿಂದ ಸುಲಭವಾಯಿತು. "ನಂದೇ ಮಗಾ. ಫೋಟೋ ಹಳತಾಗಿ ಕಪ್ಪಾಗಿದೆ," ಎಂದಿದ್ದೆ. ಮಣಿಕಟ್ಟಿನ ಮೇಲಿನ ಸಣ್ಣ ಶಿಲುಬೆಯ ಹಚ್ಚೆಯನ್ನು ತೋರಿಸಿದಾಗ, "ಮೆಹಂದಿ," ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಆ ದಿನವೆಲ್ಲ ನಾನು ನನ್ನ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದ್ದೆ.

ಆ ಕೈ ಹಿರುತ್‌ಳದ್ದು. ಇಥಿಯೋಪಿಯದವಳು. ನಾವು ಹವಲ್ಲಿಯ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿದ್ದಾಗ, ಮಗುವಿಗೆ ಆರು ತಿಂಗಳು ತುಂಬಿ ನನ್ನ ರಜೆ ಮುಗಿದ ವಾರ ಬಂದಳು. ಎರಡು ವರ್ಷ ದಿನವೂ ಬಂದಳು. ಅವಳನ್ನು ಈ ದೇಶಕ್ಕೆ ಕರೆಸಿಕೊಂಡ ಕಫೀಲ್‌ನ ಮನೆಯಲ್ಲಿ ತಡೆಯಲಾರದೆ ಬಿಟ್ಟು ಬಂದಿದ್ದಳು. ಪಾಸ್‌ಪೋರ್ಟು ಅವರ ಕಪಾಟಿನಲ್ಲೇ ಉಳಿದಿತ್ತು. ಇಕಾಮಾ, ಅಂದರೆ ವಾಸದ ಪರವಾನಗಿ, ಇಲ್ಲದವಳು ಇಲ್ಲಿ ಬೀದಿಯಲ್ಲಿ ನಡೆಯುವುದೂ ತಪ್ಪು, ಅಂಥವಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೂ ತಪ್ಪು. ನಮ್ಮ ಕಟ್ಟಡದಲ್ಲಿ ಅರ್ಧಕ್ಕರ್ಧ ಮನೆಯವರು ಆ ತಪ್ಪು ಮಾಡುತ್ತಿದ್ದರು, ಆದ್ದರಿಂದ ಅದು ತಪ್ಪು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಅವಳು ನನ್ನನ್ನು ಮದಾಮ್ ಎನ್ನುತ್ತಿದ್ದಳು. ಅಕ್ಕ ಎಂದು ಕರೆ ಎಂದು ಒಂದು ಸಲ ಹೇಳಿದೆ. ಅವಳು ಕರೆಯಲಿಲ್ಲ. ನನಗೂ ಅದು ಹಗುರವೇ ಆಯಿತು. ನಮ್ಮ ನಡುವೆ ಇದ್ದದ್ದು ಮುರುಕು ಅರಬಿ, ಮಗುವಿಗೆ ಹಾಲಾಯಿತೇ, ನಿದ್ದೆಯಾಯಿತೇ, ಖಲಾಸ್, ಯಲ್ಲಾ, ಇಷ್ಟು. ಅವಳು ಎಂದೂ ಬೆಲ್ ಒತ್ತುತ್ತಿರಲಿಲ್ಲ. ಮಗು ಮಲಗಿದ್ದರೆ ಎದ್ದೀತು ಎಂದು ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟುತ್ತಿದ್ದಳು.

ಒಂದೇ ಒಂದು ಸಲ ಅವಳ ಮೇಲೆ ನಾನು ರೇಗಿದ್ದು ದೋಸೆ ಕಾವಲಿಗಾಗಿ. ಬಟ್ಟೆಯ ಗಂಟಿನಲ್ಲಿ ಹಸಿ ಕಾಫಿ ಬೀಜ ತಂದು, ನನ್ನ ಅಮ್ಮ ಪಳಗಿಸಿ ಕೊಟ್ಟ ಕಬ್ಬಿಣದ ಕಾವಲಿಯ ಮೇಲೆ ಹುರಿದಿದ್ದಳು. ಕರಾವಳಿಯ ಹೆಂಗಸಿಗೆ ಕಾವಲಿ ಎಂದರೆ ಏನೆಂದು ನಿಮಗೆ ಗೊತ್ತೇ ಇರುತ್ತದೆ. ಗಂಡನನ್ನಾದರೂ ಎರವಲು ಕೊಟ್ಟೇವು, ಕಾವಲಿ ಕೊಡೆವು. ಮೂರು ದಿನ ದೋಸೆ ಏಳಲಿಲ್ಲ, ಎದ್ದ ದೋಸೆಗೆ ಕಾಫಿಯ ಕಮಟು. ನಾನು ರೇಗಿದ ಮರುದಿನವೇ ಅವಳು ತನ್ನದೇ ಒಂದು ಸಣ್ಣ ತಗಡಿನ ಬಾಣಲೆ ತಂದಿಟ್ಟಳು. ನನಗೆ ಅರ್ಧ ದಿನ ರಜೆ ಇದ್ದಾಗ ಅದರಲ್ಲಿ ಬೀಜ ಹುರಿದು, ಕುಟ್ಟಿ, ಒಂದೇ ಪುಡಿಗೆ ಮೂರು ಸಲ ನೀರು ಹಾಕಿ ಕಾಯಿಸಿ ಕೊಡುತ್ತಿದ್ದಳು. ಮೂರನೆಯ ಲೋಟದಲ್ಲೇ ಬರಕತ್, ದೇವರ ಆಶೀರ್ವಾದ ಇರುವುದು, ಕುಡಿಯದೆ ಏಳಬಾರದು ಎನ್ನುತ್ತಿದ್ದಳು. ನಾನು ಮೊದಲನೆಯದು ಮುಗಿಸಿ ಇಸ್ತ್ರಿಗೋ ಫೋನಿಗೋ ಎದ್ದುಬಿಡುತ್ತಿದ್ದೆ. ಅವಳು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಉಳಿದದ್ದನ್ನು ಒಬ್ಬಳೇ ಕುಡಿಯುತ್ತಿದ್ದಳು.

ಮಗು ಅವಳನ್ನು 'ಇಲು' ಎಂದು ಕರೆಯಿತು. ಅದು ಕಲಿತ ಮೊದಲ ಹೆಸರು ಅದೇ. ನಾನು ಆಫೀಸಿನಿಂದ ಬಂದು ಕೈ ಚಾಚಿದರೆ ಅವಳ ಕುತ್ತಿಗೆಗೆ ಮುಖ ಒತ್ತಿಕೊಳ್ಳುತ್ತಿತ್ತು. ನಾನು ನಗುತ್ತಿದ್ದೆ, ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತಿದ್ದೆ. ಹೊಟ್ಟೆಕಿಚ್ಚಿಗೆ ನಾನಿಟ್ಟ ಹೆಸರು 'ಆಫೀಸಿನ ಸುಸ್ತು'.

ಹುಟ್ಟುಹಬ್ಬದ ಫೋಟೋ ಸ್ಟುಡಿಯೋದಿಂದ ಪ್ರಿಂಟಾಗಿ ಬಂದ ದಿನ ಮೂರು ಪ್ರತಿಗಳನ್ನೂ ಮೇಜಿನ ಮೇಲೆ ಹರಡಿ ನೋಡಿದೆ. ಮೂರರಲ್ಲೂ ನನ್ನ ಮಗು ಹಿರುತ್‌ಳನ್ನು ನೋಡಿ ನಗುತ್ತಿತ್ತು. ಕತ್ತರಿ ತೆಗೆದುಕೊಂಡೆ. ಮೂರರಲ್ಲೂ ಅವಳನ್ನು ಕತ್ತರಿಸಿದೆ. ಕೈಯನ್ನು ತೆಗೆಯಹೋದರೆ ಮಗುವಿನ ಸೊಂಟವೂ ಹೋಗುತ್ತಿತ್ತು, ಅದಕ್ಕೆ ಕೈ ಉಳಿಯಿತು. ಗಂಡನಿಗೆ, ಇಕಾಮಾ ಇಲ್ಲದವಳ ಫೋಟೋ ಮನೆಯಲ್ಲಿದ್ದರೆ ಅಪಾಯ ಎಂದೆ. "ಆಲ್ಬಮ್ ನೋಡ್ಲಿಕ್ಕೆ ಪೊಲೀಸು ಬರ್ತಾರಾ ಮಾರಾಯ್ತಿ?" ಎಂದು ನಕ್ಕರು. ಆಮೇಲೆ, ಊರಲ್ಲಿ ಅತ್ತೆ ಏನಾದರೂ ಹೇಳಿಯಾರು ಎಂದೆ. ಊರಿಗೆ ಕಳಿಸಿದ ಪ್ರತಿ ನೋಡಿ ಅತ್ತೆ ಫೋನಿನಲ್ಲಿ ತುಳುವಿನಲ್ಲಿ ಕೇಳಿದ್ದು ಇಷ್ಟೇ: "ಆ ಹುಡುಗಿಯ ಮುಖ ಯಾಕೆ ಇಲ್ಲ ಇದರಲ್ಲಿ? ನಮ್ಮ ಮಗುವನ್ನು ನೋಡಿಕೊಳ್ಳುವವಳನ್ನು ನೋಡುವ ಅಂತ ಇತ್ತು." ಅತ್ತೆ ತೀರಿಹೋಗಿ ಒಂಬತ್ತು ವರ್ಷ ಆಯಿತು. ಅಲ್ಲಿಯ ತನಕ, ಆಮೇಲೂ, ಈ ಕೆಲಸವನ್ನು ನನ್ನ ಮನಸ್ಸಿನಲ್ಲಿ ಅವರ ಲೆಕ್ಕಕ್ಕೇ ಹಾಕಿಟ್ಟಿದ್ದೆ.

ಹಿರುತ್ ಕೂಡ ಕೇಳಿದಳು. "ಮದಾಮ್, ಸೂರಾ?" ಎಂದಳು, ಸೂರಾ ಎಂದರೆ ಫೋಟೋ. ತನ್ನ ತಾಯಿಗೆ ಕಳಿಸಬೇಕಿತ್ತಂತೆ. ನಾಲ್ಕು ವರ್ಷದಿಂದ ಮಗಳ ಮುಖ ನೋಡಿರಲಿಲ್ಲವಂತೆ ಆ ತಾಯಿ. ಫೋಟೋ ಕೆಟ್ಟುಹೋಯಿತು ಎಂದೆ. ಅವಳು ಮತ್ತೆ ಕೇಳಲಿಲ್ಲ.

ಇನ್ನು ಬಾಗಿಲಿನ ಕಥೆ. ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಮಗುವಿಗೆ ಎರಡೂವರೆ ವರ್ಷ. ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೋಗಿಯಾಗಿತ್ತು, ನಾನು ಹೊರಡುವವಳಿದ್ದೆ. ಕೆಳಗಿನ ದಿನಸಿ ಅಂಗಡಿಯ ಹಮೀದ್ ಭಾಯಿ ಫೋನು ಮಾಡಿದರು. ಬ್ಯಾರಿ, ನಮ್ಮ ಜಿಲ್ಲೆಯವರೇ. "ಅಕ್ಕಾ, ಬಿಲ್ಡಿಂಗಿಗೆ ಚೆಕಿಂಗ್ ಬಂದಿದೆ. ನಿಮ್ಮ ಆ ಹೆಂಗಸು ಮೆಟ್ಟಿಲು ಹತ್ತಿಯಾಯ್ತು. ಬೇಗ ಒಳಗೆ ಕರ್ಕೊಳ್ಳಿ," ಎಂದರು.

ಫೋನು ಇಡುವಷ್ಟರಲ್ಲಿ ಬಾಗಿಲಲ್ಲಿ ಮೂರು ಸಲ ಗೆಣ್ಣಿನ ಸದ್ದು. ಮಗು ಆಟಿಕೆ ಬಿಟ್ಟು ಎದ್ದು "ಇಲು" ಎನ್ನಲು ಬಾಯಿ ತೆರೆಯಿತು. ನಾನು ಅದನ್ನು ಎತ್ತಿಕೊಂಡು ಅದರ ಬಾಯಿಯ ಮೇಲೆ ಕೈ ಇಟ್ಟೆ. ಮತ್ತೆ ಮೂರು ಸಲ ತಟ್ಟಿದಳು. "ಮದಾಮ್," ಎಂದಳು, ಬಹಳ ಮೆಲ್ಲಗೆ. ನಾವು ಒಳಗಿದ್ದೇವೆ ಎಂದು ಅವಳಿಗೆ ಗೊತ್ತಿತ್ತು, ನನ್ನ ಚಪ್ಪಲಿ ಬಾಗಿಲ ಹೊರಗೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆ ಸದ್ದು ಮೇಲಿನ ಮಾಳಿಗೆಯ ಕಡೆ ಹೋಯಿತು. ಅವಳನ್ನು, ಇನ್ನಿಬ್ಬರನ್ನು ಟೆರೇಸಿನ ಬಾಗಿಲ ಹತ್ತಿರ ಹಿಡಿದು ವ್ಯಾನಿನಲ್ಲಿ ಕರೆದುಕೊಂಡು ಹೋದರು ಎಂದು ಸಂಜೆ ಹಮೀದ್ ಭಾಯಿ ಹೇಳಿದರು. ನನ್ನ ಮುಖ ನೋಡದೆ ಹೇಳಿದರು. ಊರಿಗೆ ಕಳಿಸಿದರು ಎಂದು ಮುಂದೆ ಯಾರಿಂದಲೋ ಕೇಳಿದ್ದು. ತಗಡಿನ ಬಾಣಲೆ ಮಾತ್ರ ನಮ್ಮ ಮನೆಯಲ್ಲಿ ಬಹಳ ಕಾಲ ಇತ್ತು.

ಹೆದರಿಕೆ ಇತ್ತು, ನಿಜ. ಸಿಕ್ಕಿಬಿದ್ದರೆ ನಮ್ಮನ್ನೂ ಗಡೀಪಾರು ಮಾಡಬಹುದಿತ್ತು. ಆದರೆ ಮಗುವಿನ ಬಾಯಿ ಮುಚ್ಚಿ ನಿಂತ ಆ ಎರಡು ನಿಮಿಷದಲ್ಲಿ ಇನ್ನೊಂದು ಯೋಚನೆಯೂ ಬಂದಿತ್ತು. ಇನ್ನು ಇವಳು ನನ್ನ ಮಗು ಎಂದು.

ಕೊತ್ತಂಬರಿ ಹಾಗೇ ಬಿಟ್ಟು ಮಗಳಿಗೆ ಫೋನು ಮಾಡಿದೆ. ಅವಳು ಮ್ಯೂಸಿಯಂನ ಮೆಟ್ಟಿಲ ಮೇಲಿದ್ದಳು, ಹಿಂದೆ ಟ್ರಾಮಿನ ಸದ್ದು ಕೇಳುತ್ತಿತ್ತು. ಹೆಸರು ಹೇಳಿದೆ. ಕಾವಲಿ, ಕಾಫಿ, ಕತ್ತರಿ, ಬಾಗಿಲು, ಎಲ್ಲ ಹೇಳಿದೆ. ಬಾಯಿ ಮುಚ್ಚಿದ್ದನ್ನೂ ಹೇಳಿದೆ.

"ಆಮೇಲೆ ನಾನು ಅತ್ತಿದ್ನಾ?"

"ಬೆಳಿಗ್ಗೆ ಬಾಗಿಲ ಹತ್ತಿರ ಹೋಗಿ ಕೂತ್ಕೊಳ್ತಿದ್ದಿ. ಎಷ್ಟೋ ದಿನ."

"ಓಕೆ," ಎಂದಳು. "ನಾನು ಆಮೇಲೆ ಮಾತಾಡ್ತೇನೆ ಅಮ್ಮಾ." ಆರು ದಿನ ಮಾತಾಡಲಿಲ್ಲ. ಗಂಡ ಎರಡು ಸಲ ಕೇಳಿದರು, ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದೆ. ಸುಳ್ಳು ಹೇಳುವ ಅಭ್ಯಾಸ ಒಂದೇ ಸಲಕ್ಕೆ ಬಿಟ್ಟುಹೋಗುವುದಿಲ್ಲ ನೋಡಿ.

ಇವತ್ತು ಬೆಳಿಗ್ಗೆ ಮತ್ತೆ ಫೋನು ಸದ್ದು ಮಾಡಿತು. ಪ್ರವಾಸದ ಕೊನೆಗೆ ಪ್ರತಿಯೊಬ್ಬರೂ ತಮ್ಮ ಮನೆಯದೇ ಒಂದು ಚಿತ್ರವನ್ನು ಗೋಡೆಗೆ ಹಾಕಿ, ಕೆಳಗೆ ಮ್ಯೂಸಿಯಂನ ಹಾಗೆ ಒಂದು ಕಾರ್ಡು ಬರೆಯಬೇಕಂತೆ. ಅವಳು ಆ ಹುಟ್ಟುಹಬ್ಬದ ಫೋಟೋ ಹಾಕುತ್ತಾಳೆ. ಕಾರ್ಡನ್ನು ನನಗಾಗಿ ಕನ್ನಡದಲ್ಲಿ ಬರೆದು ಕಳಿಸಿದ್ದಳು, ಒತ್ತಕ್ಷರ ಎರಡು ತಪ್ಪು.

'ಹಿರುತ್, ಇಥಿಯೋಪಿಯ. ತಾನು ಬೆಳೆಸಿದ ಮಗುವಿನ ಜೊತೆ. ಹವಲ್ಲಿ, ಕುವೈತ್. ಫೋಟೋ ತೆಗೆದವರು: ಅಪ್ಪ. ಕತ್ತರಿಸಿದವರು:'

ಅಲ್ಲಿ ಖಾಲಿ ಬಿಟ್ಟಿದ್ದಳು. ಕೆಳಗೆ, "ಅಮ್ಮಾ, ಅಲ್ಲಿ 'ಗೊತ್ತಿಲ್ಲ' ಅಂತ ಹಾಕಬಹುದು. ಬೇರೆಯವರೂ ಹಾಕಿದ್ದಾರೆ. ನೀನೇ ಹೇಳು."

ಕೈ ಒರೆಸಿಕೊಂಡು ಕುಳಿತೆ. ನನ್ನ ಹೆಸರು ಟೈಪ್ ಮಾಡಿದೆ. ಇಕಾಮಾದಲ್ಲಿ ಇರುವ ಹಾಗೆಯೇ, ನನ್ನ ಹೆಸರು, ಅಪ್ಪನ ಹೆಸರು, ಗಂಡನ ಹೆಸರು, ಮನೆತನ, ನಾಲ್ಕೂ ಬರೆದು ಕಳಿಸಿದೆ. ಕಳಿಸಿದ ಮೇಲೆ ಕಾರ್ಡನ್ನು ಇನ್ನೊಮ್ಮೆ ಮೇಲಿನಿಂದ ಓದಿದೆ. ಹಿರುತ್‌ಳದ್ದು ಒಂದೇ ಪದ ಇತ್ತು. ಎರಡು ವರ್ಷ ನನ್ನ ಮನೆಯಲ್ಲಿದ್ದವಳ ಪೂರ್ತಿ ಹೆಸರು ಏನೆಂದು ನಾನು ಕೇಳಿರಲೇ ಇಲ್ಲ.